ಗದ್ವಾಲದ ಅಕ್ಕ ಕಳಿಸಿದ ಮಾತುಗಳು

ತೆಲಂಗಾಣದ ಮಕ್ತಲ್‌ನ ತಹಸೀಲ್ ಕಚೇರಿಯಲ್ಲಿ ನಾನು ಹನ್ನೊಂದು ವರ್ಷ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಪಹಣಿ, ದರಖಾಸ್ತು, ನಕಲು ಪ್ರತಿ, ಇವನ್ನೇ ಟೈಪು ಮಾಡಿದ್ದು. ಗುತ್ತಿಗೆ ಮುಗಿದು ಮನೆಗೆ ಬಂದ ಮೇಲೆ ಅಣ್ಣನ ಸೀರೆ ವ್ಯಾಪಾರದ ಬರವಣಿಗೆ ನನ್ನ ಪಾಲಿಗೆ ಬಂತು. ಅಣ್ಣನ ಅಂಗಡಿ ನಾರಾಯಣಪೇಟೆಯಲ್ಲಿದೆ. ಅವನಿಗೆ ನೇಯ್ದು ಕೊಡುವವರಲ್ಲಿ ಅರ್ಧ ಜನ ಅಲ್ಲೇ ಇದ್ದಾರೆ, ಇನ್ನರ್ಧ ಗದ್ವಾಲದಲ್ಲಿ. ಯಾರ ಮಗ್ಗದ ಮೇಲೆ ಯಾವ ಸೀರೆ ಇದೆ, ಯಾವತ್ತು ಇಳಿಯುತ್ತದೆ, ಯಾರಿಗೆ ರೇಷ್ಮೆ ಕಳಿಸಬೇಕು ಎಂಬುದನ್ನೆಲ್ಲ ಮಕ್ತಲ್‌ನಲ್ಲಿ ಕೂತು ನೋಡಿಕೊಳ್ಳುವುದು ನನ್ನ ಕೆಲಸ.

ನೇಕಾರರು ಯಾರೂ ಬರೆದು ಕಳಿಸುವುದಿಲ್ಲ. ಫೋನಿನ ಮೈಕು ಒತ್ತಿ ಹಿಡಿದು ಮಾತಾಡಿ ಕಳಿಸಿಬಿಡುತ್ತಾರೆ. ಕನ್ನಡದಲ್ಲಿ ಶುರುವಾದ ಮಾತು ನಡುವೆ ತೆಲುಗಿಗೆ ಹೊರಳುತ್ತದೆ, ದಿನ ಹೇಳುವಾಗ ಉರ್ದು ಬರುತ್ತದೆ. ಅವನ್ನು ಒಂದೊಂದಾಗಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತಿತ್ತು. ಒಮ್ಮೆ ಮದುವೆ ಸೀರೆಯೊಂದರ ಮಾತು ಕೇಳಲು ಮರೆತೆ. ಸೀರೆ ತಲುಪಿದ್ದು ಮದುವೆಯ ಮರುದಿನ. ಅಣ್ಣ ಬೈಯಲಿಲ್ಲ. ಆದರೆ ಎರಡು ದಿನ ನನಗೆ ಫೋನೂ ಮಾಡಲಿಲ್ಲ.

ಅದಾದ ಮೇಲೆ ನಾನು ಬೇರೆ ದಾರಿ ಹುಡುಕಿದೆ. ಕೋಡ್ ಬರೆಯಲು ಬಾರದವರೂ ಒಂದು ಆ್ಯಪನ್ನು ಇನ್ನೊಂದಕ್ಕೆ ಜೋಡಿಸಬಹುದಾದ ಸೇವೆಗಳಿವೆ ಎಂದು ವೀಡಿಯೋಗಳಲ್ಲಿ ನೋಡಿದ್ದೆ. ಪರದೆಯ ಮೇಲೆ ಚೌಕಗಳನ್ನಿಟ್ಟು ನಡುವೆ ಗೆರೆ ಎಳೆದರೆ ಆಯಿತು. ನಾನು ಮೂರು ಚೌಕ ಇಟ್ಟೆ. ಮೊದಲನೆಯದು ನೇಕಾರರ ಮಾತು ಬಂದು ಬೀಳುವ ನಂಬರು. ಎರಡನೆಯದು ಆ ಮಾತನ್ನು ಕೇಳಿ ಸಾರಾಂಶ ಬರೆಯುವ ಎಐ. ಮೂರನೆಯದು ಕೆಲಸಗಳ ಪಟ್ಟಿ ಇಡುವ ಆ್ಯಪು. ಹೇಳಿದಷ್ಟು ಸುಲಭವಾಗಲಿಲ್ಲ. ಎಐ ಸೇವೆಯವರು ಕೊಡುವ ಉದ್ದನೆಯ ಗುಪ್ತ ಸಂಖ್ಯೆಯನ್ನು ತಪ್ಪು ಜಾಗದಲ್ಲಿ ಅಂಟಿಸಿ ಒಂದು ದಿನ ಕಳೆದೆ. ಯಾರೋ ಬರೀ ಒಪ್ಪಿಗೆಗೆ ‘ಆತ್ರಿ’ ಎಂದು ಕಳಿಸಿದರೆ ಅದಕ್ಕೂ ಪಟ್ಟಿಯಲ್ಲಿ ಒಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಮಗ್ಗದ ಅಚ್ಚು, ಎಂದರೆ ಎಳೆ ಬಿಡಿಸಿ ಹಿಡಿಯುವ ಹಣಿಗೆ, ಹಾಳಾಗಿದೆ ಎಂದು ನಾರಾಯಣಪೇಟೆಯ ಒಬ್ಬರು ಹೇಳಿದ್ದನ್ನು ಅದು ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುವ ಕೆಲಸ ಮಾಡಿಟ್ಟಿತ್ತು. ಎಲ್ಲಕ್ಕಿಂತ ಕಾಡಿದ್ದು ‘ಪರ್ಸೋಂ’. ನಮ್ಮ ಕಡೆ ಅದು ಮೊನ್ನೆಯೂ ಹೌದು, ನಾಡಿದ್ದೂ ಹೌದು. ಸೀರೆ ಮುಗಿಯಿತೋ ಮುಗಿಯಬೇಕೋ ಎಂದು ನೋಡಿ ದಿನ ತೀರ್ಮಾನಿಸು ಎಂದು ಎಐಗೆ ಕೊಡುವ ಸೂಚನೆಯಲ್ಲಿ ಒಂದು ಸಾಲು ಸೇರಿಸಿದೆ.

ಆ ಸೂಚನೆಯನ್ನು ನಾನೇ ಕನ್ನಡದಲ್ಲಿ ಬರೆದದ್ದು. ಅದರ ಕೊನೆಯ ಸಾಲು ಹೀಗಿತ್ತು: ‘ಸೀರೆಯ ಬಣ್ಣ, ಎಷ್ಟು, ಯಾವ ದಿನ, ಇಷ್ಟನ್ನು ಮಾತ್ರ ಬರೆ. ಮನೆಯ ಮಾತು ಬಿಟ್ಟುಬಿಡು.’ ಕಳಿಸಿದವರಿಗೆ ತಾನಾಗಿ ಒಂದು ಉತ್ತರ ಹೋಗುವಂತೆ ನಾಲ್ಕನೆಯ ಚೌಕವನ್ನೂ ಇಟ್ಟೆ. ‘ನಿಮ್ಮ ಮಾತು ಮುಟ್ಟಿತು’ ಎಂದು ನನ್ನ ಹೆಸರಿನಲ್ಲೇ ಹೋಗುತ್ತಿತ್ತು.

ಪಟ್ಟಿ ಚೆನ್ನಾಗಿ ನಡೆಯಿತು. ಬೆಳಿಗ್ಗೆ ಫೋನು ತೆರೆದರೆ ಆ ದಿನದ ಕೆಲಸಗಳು ಸಾಲಾಗಿ ನಿಂತಿರುತ್ತಿದ್ದವು. ನಾರಾಯಣಪೇಟೆಯಲ್ಲಿ ಅಣ್ಣನೂ ಅದನ್ನೇ ನೋಡುತ್ತಿದ್ದ. ಮೊದಲ ವಾರ ಪಟ್ಟಿ ಸರಿಯಿದೆಯೇ ಎಂದು ಮಾತುಗಳನ್ನೂ ಕೇಳುತ್ತಿದ್ದೆ. ಎರಡನೆಯ ವಾರ ಅಲ್ಲೊಂದು ಇಲ್ಲೊಂದು ಕೇಳಿದೆ. ಆಮೇಲೆ ಬಿಟ್ಟೇಬಿಟ್ಟೆ.

ಒಂದು ದಿನ ಅಣ್ಣ ಫೋನು ಮಾಡಿದ. ಗದ್ವಾಲದಿಂದ ಬಂದ ಎರಡು ಸೀರೆಗಳನ್ನು ಗಿರಾಕಿ ವಾಪಸ್ಸು ತಂದಿದ್ದರಂತೆ. ಗದ್ವಾಲ ಸೀರೆಯ ಮೈ ಹತ್ತಿ, ಅಂಚು ರೇಷ್ಮೆ. ಎರಡೂ ಕೂಡುವ ಕಡೆ ಎಳೆಗೆ ಎಳೆ ಸಿಕ್ಕಿಸಿ ನೇಯಬೇಕು. ಆ ಕೂಡುಗೆರೆಯಲ್ಲಿ ಸಣ್ಣ ಸಣ್ಣ ಸಂದು ಬಿಟ್ಟಿತ್ತು, ಬಾಗಿಲಿಗೆ ಹಿಡಿದರೆ ಬೆಳಕು ತೂರಿ ಬರುತ್ತಿತ್ತು ಎಂದ. ಅಕ್ಕನ ಮಗ್ಗದಲ್ಲಿ ಹೊಸಬರು ಯಾರಾದರೂ ಕೂತಿದ್ದಾರೆಯೇ ಎಂದು ಕೇಳಿದ.

ಅಕ್ಕ ಎಂದರೆ ನಮಗೆ ಸಂಬಂಧಿಯಲ್ಲ. ನಮ್ಮ ಅಪ್ಪನ ಕಾಲದಿಂದ ನಮಗೆ ನೇಯ್ದು ಕೊಡುತ್ತಿರುವ ಗದ್ವಾಲದ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಗಳನ್ನು ಐಜ ಎಂಬ ಊರಿಗೆ ಕೊಟ್ಟಿದ್ದಾರೆ. ಆಕೆಯ ಕೂಡುಗೆರೆಯನ್ನು ಬೆರಳಿಂದ ಸವರಿದರೆ ಅಲ್ಲೊಂದು ಜೋಡಣೆ ಇದೆ ಎಂದೇ ಗೊತ್ತಾಗುತ್ತಿರಲಿಲ್ಲ. ನಾನು ಪಟ್ಟಿ ತೆರೆದು ನೋಡಿದೆ. ಅಕ್ಕನ ಹೆಸರಿನ ಮುಂದೆ ಎಲ್ಲವೂ ಹೇಳಿದ ದಿನಕ್ಕೇ ಮುಗಿದಿತ್ತು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಗದ್ವಾಲಕ್ಕೆ ಹೋದೆ.

ಅಕ್ಕ ಮಗ್ಗದ ಮೇಲೆ ಇರಲಿಲ್ಲ. ಬಾಗಿಲ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದರು, ಮೊರವನ್ನು ಮುಖದ ಹತ್ತಿರ ಎತ್ತಿ ಹಿಡಿದುಕೊಂಡು. ನಾನು ಎದುರು ನಿಂತರೂ ಗುರುತು ಹಿಡಿಯಲಿಲ್ಲ. ಅಕ್ಕಾ ಎಂದು ಕರೆದ ಮೇಲೆ ದನಿಯಿಂದ ಗುರುತಾಯಿತು. ನೀರು ಕೊಟ್ಟರು, ಊಟ ಮಾಡೆಂದರು. ಸೀರೆಯ ಸಂಗತಿ ಹೇಳಿದೆ. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

“ನಾ ಹೇಳಿದ್ನಲ್ಲವಾ ತಂಗಿ. ಒಂದ್ಸಲ ಅಲ್ಲ, ನಾಕ್ಸಲ ಹೇಳೀನಿ,” ಎಂದರು.

ಏನು ಹೇಳಿದ್ದಿರಿ ಎಂದು ಕೇಳಿದೆ. ಮಧ್ಯಾಹ್ನವಾದರೆ ಎಳೆಗಳು ಎರಡೆರಡಾಗಿ ಕಾಣುತ್ತವೆ, ಕೂಡುಗೆರೆಯ ಸೀರೆ ಕೊಡಬೇಡ, ಸಾದಾ ಸೀರೆ ಕೊಡು ಎಂದು ಕೇಳಿಕೊಂಡಿದ್ದರಂತೆ. ನನ್ನಿಂದ ‘ಮುಟ್ಟಿತು’ ಎಂದು ಉತ್ತರ ಬಂತಂತೆ. ಮತ್ತೆ ಅದೇ ಸೀರೆಗೆ ನೂಲು ಬಂತಂತೆ.

“ನೀ ಕೇಳೀದಿ, ಕೇಳಿನೂ ಸುಮ್ಕ ಅದಿ ಅಂತ ತಿಳಕೊಂಡೆ,” ಎಂದರು. “ಇವ್ರಿಗಿ ಸೀರಿ ಬಂದ್ರ ಸಾಕಾಗೈತಿ ಅನಿಸ್ತು.”

ಸಿಟ್ಟಿನಿಂದ ಹೇಳಿದ್ದಲ್ಲ. ಅಕ್ಕಿಯಲ್ಲಿ ಕೈಯಾಡಿಸುತ್ತಲೇ ಹೇಳಿದರು. ಆ ಮಾತುಗಳನ್ನು ನಾನು ಕೇಳಿಯೇ ಇಲ್ಲ, ಯಂತ್ರ ಕೇಳಿ ನನಗೆ ಬರೆದು ಕೊಡುತ್ತದೆ ಎಂದು ಹೇಳಿದೆ. ಇದನ್ನು ಹೇಳುವುದು ಸುಳ್ಳು ಹೇಳುವುದಕ್ಕಿಂತ ಕಷ್ಟವಾಯಿತು. ಉತ್ತರವೂ ಯಂತ್ರದ್ದೇ ಎಂದೆ.

“ಅದಕ್ಕ ನಮ್ ಮಾತು ತಿಳಿತೈತೇನು?”

“ತಿಳಿತೈತ್ರಿ ಅಕ್ಕಾ.”

“ಹಂಗಾದ್ರ ನಾ ಹೇಳಿದ್ದು ಏನಂತ ಬರದೈತಿ, ಓದು.”

ಫೋನು ತೆರೆದು ಓದಿದೆ. “ಹಸಿರು. ಒಂದು. ಗುರುವಾರ.” ಅದರ ಹಿಂದಿನದನ್ನೂ ಓದು ಎಂದರು. “ನೇರಳೆ. ಒಂದು. ಸೋಮವಾರ.”

ಅಕ್ಕ ಮೊರ ಕೆಳಗಿಟ್ಟರು. “ಇಷ್ಟನ ಏನು ನಾ ಹೇಳಿದ್ದು?” ಎಂದು ಕೇಳಿದರು. ಮನೆಯ ಮಾತು ಬಿಟ್ಟುಬಿಡು ಎಂದು ಅದಕ್ಕೆ ಹೇಳಿಕೊಟ್ಟವಳು ನಾನೇ ಎಂಬುದನ್ನು ಆ ದಿನ ಹೇಳಲಾಗಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಕ್ಕನ ಮಾತುಗಳನ್ನು ಮೊದಲಿಂದ ಕೇಳಿದೆ. ಹೊಳೆ ದಾಟುವ ಹೊತ್ತಿಗೆ ಅರ್ಧವೂ ಮುಗಿದಿರಲಿಲ್ಲ. ಮಗಳು ಶೇಂಗಾ ಕೀಳುವ ಕೆಲಸದಲ್ಲಿದ್ದಾಳೆ, ಅವಳನ್ನು ಕರೆಯುವುದು ಹೇಗೆ ಎಂದಿದ್ದರು. ನಿಮ್ಮಪ್ಪ ಇದ್ದಿದ್ದರೆ ಒಂದು ಸಲ ಬಂದು ನೋಡಿ ಹೋಗುತ್ತಿದ್ದರು ಎಂದಿದ್ದರು. ಒಂದರಲ್ಲಿ, ಬೆರಳಿಂದ ಮುಟ್ಟಿ ಮುಟ್ಟಿ ನೇಯುತ್ತಿದ್ದೇನೆ, ಬೆರಳು ಸುಳ್ಳು ಹೇಳುವುದಿಲ್ಲ, ಆದರೂ ಭಯವಾಗುತ್ತದೆ ಎಂದಿದ್ದರು. ಸೀರೆಯ ಮಾತು ಪ್ರತಿಸಲವೂ ಕೊನೆಯಲ್ಲಿ ಬರುತ್ತಿತ್ತು, ನೆನಪು ಮಾಡಿಕೊಂಡು ಹೇಳಿದ ಹಾಗೆ. ಯಂತ್ರ ಅದೊಂದನ್ನು ತಪ್ಪಿಲ್ಲದೆ ಬರೆದಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನಾಯಿತೆಂದು ತೆಲುಗಿನಲ್ಲಿ ಕೇಳಿದಾಗಲೇ ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದು.

ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಆ ಯಂತ್ರವನ್ನು ತೆಗೆದು ಬಿಸಾಕು ಎನ್ನುತ್ತಾನೆ ಅಂದುಕೊಂಡಿದ್ದೆ. ಅವನು ಹಾಗೆ ಅನ್ನಲಿಲ್ಲ. ಅಕ್ಕನಿಗೆ ಸಾದಾ ಸೀರೆಯ ನೂಲು ಕಳಿಸುತ್ತೇನೆ, ನೀನು ಮೊದಲು ಅವರ ಕಣ್ಣು ತೋರಿಸಿಕೊಂಡು ಬಾ ಎಂದ. ಆ ವಾರವೇ ಅಕ್ಕನನ್ನು ಕರೆದುಕೊಂಡು ಕರ್ನೂಲಿಗೆ ಹೋದೆ. ಮಗಳು ಐಜದಿಂದ ಬಂದು ಆಸ್ಪತ್ರೆಯಲ್ಲಿ ಕೂಡಿಕೊಂಡಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬಲಗಣ್ಣಿಗೆ ಹೆಚ್ಚು. ಮೊದಲು ಆ ಪೊರೆಯನ್ನೇ ತೆಗೆಯುತ್ತೇವೆ ಎಂದು ಡಾಕ್ಟರು ಹೇಳಿದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಗ ಸೂಚನೆ ಬರೆದವಳು ನಾನೇ ಎಂದು ಅಕ್ಕನಿಗೆ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ಕೂತರು. ಕ್ಷಮಿಸಿದರೋ, ಆಪರೇಷನ್ನಿನ ಭಯಕ್ಕೆ ಹಿಡಿದುಕೊಂಡರೋ ನನಗೆ ಇಂದಿಗೂ ಗೊತ್ತಿಲ್ಲ.

ಮನೆಗೆ ಬಂದು ಸೂಚನೆ ತಿದ್ದಿದೆ. ಸೀರೆಯ ಸಂಗತಿ ಬಿಟ್ಟು ಬೇರೆ ಏನೇ ಹೇಳಿದ್ದರೂ ಅದನ್ನು ಕತ್ತರಿಸಬೇಡ, ‘ಕೇಳಬೇಕು’ ಎಂಬ ಬೇರೆ ಪಟ್ಟಿಗೆ ಹಾಕು ಎಂದು ಬರೆದೆ. ತಾನಾಗಿ ಹೋಗುವ ಉತ್ತರವನ್ನು ತೆಗೆಯಬೇಕೆಂದಿದ್ದೆ. ಆದರೆ ನಾರಾಯಣಪೇಟೆಯ ನೇಕಾರರು ಬೇಡವೆಂದರು, ಮುಟ್ಟಿದ್ದು ಗೊತ್ತಾಗುತ್ತದೆ, ಇರಲಿ ಎಂದರು. ಹಾಗಾಗಿ ಅದರ ಮಾತು ಬದಲಿಸಿದೆ. ಇದು ಯಂತ್ರ ಕಳಿಸಿದ ಉತ್ತರ, ನಾನು ಸಂಜೆಯೊಳಗೆ ಕೇಳುತ್ತೇನೆ ಎಂದು ಈಗ ಹೋಗುತ್ತದೆ. ‘ಕೇಳಬೇಕು’ ಪಟ್ಟಿ ಮೊದಲ ದಿನವೇ ಉದ್ದವಾಯಿತು. ಒಬ್ಬರ ಎಮ್ಮೆ ಕರು ಹಾಕಿತ್ತು, ಇನ್ನೊಬ್ಬರ ಮನೆಯಲ್ಲಿ ಜ್ವರ, ಮತ್ತೊಬ್ಬರು ರಾಜೋಳಿಯ ಬೀಗರ ಮೇಲೆ ಮುನಿಸಿಕೊಂಡಿದ್ದರು. ನಾಲ್ಕು ಗಂಟೆಗೆ ಚಹಾ ಮಾಡಿಕೊಂಡು ಕೂತು ಎಲ್ಲವನ್ನೂ ಕೇಳುತ್ತೇನೆ. ಬೇಸರ ಬರುವ ದಿನಗಳೂ ಇವೆ. ಒಂದೆರಡು ಸಲ ಸಂಜೆಯೊಳಗೆ ಮುಗಿಸಲಾಗದೆ ಮರುದಿನಕ್ಕೆ ಬಿಟ್ಟದ್ದೂ ಉಂಟು.

ಬಲಗಣ್ಣಿನ ಆಪರೇಷನ್ ಆದ ಮೇಲೆ ಅಕ್ಕ ಒಂದು ತಿಂಗಳು ಐಜದಲ್ಲಿ ಮಗಳ ಮನೆಯಲ್ಲಿದ್ದು ಗದ್ವಾಲಕ್ಕೆ ಮರಳಿದರು. ಈಗ ಸಾದಾ ಸೀರೆ ನೇಯುತ್ತಿದ್ದಾರೆ, ಬೆಳಿಗ್ಗೆ ಮಾತ್ರ. ಎಡಗಣ್ಣಿನ ಆಪರೇಷನ್ ಇನ್ನೂ ಆಗಬೇಕು. ಅದಾದ ಮೇಲೂ ಕೂಡುಗೆರೆಯ ಸೀರೆಗೆ ಕೈ ಹಾಕುವುದು ಅವರಿಗೆ ಬಿಟ್ಟದ್ದು ಎಂದು ಅಣ್ಣ ಹೇಳಿದ್ದಾನೆ. ಕಳೆದ ವಾರ ಅವರು ಕಳಿಸಿದ ಮಾತು ಆರು ನಿಮಿಷವಿತ್ತು. ಎದುರು ಮನೆಯ ಗೋಡೆಗೆ ಹೊಸ ಸುಣ್ಣ ಹೊಡೆದಿದ್ದಾರೆ, ಅದು ಬಿಳಿಯಲ್ಲ, ಸ್ವಲ್ಪ ನೀಲಿ ಬೆರೆಸಿದ್ದಾರೆ ಎಂದು ಹೇಳಿದ್ದರು. ಸೀರೆ ಯಾವತ್ತು ಕೊಡುತ್ತೇನೆಂದು ಹೇಳಲು ಮರೆತಿದ್ದರು. ಫೋನು ಮಾಡಿ ಕೇಳಿದೆ.