ಐದನೆಯವರ ಎಡಗೈ

ನಸುಕಿನ ಫಜರ್ ನಮಾಜು ಮುಗಿದು ಇನ್ನೂ ಕಾಲು ಗಂಟೆಯಾಗಿಲ್ಲ. ಅಲೆಕ್ಸಾಂಡ್ರಿಯಾದ ಒಂದು ವೈದ್ಯಕೀಯ ಕಾಲೇಜಿನ ಶವಛೇದನ ಕೊಠಡಿಯಲ್ಲಿ ಬಸ್ಯೂನಿ ಒಬ್ಬ ಮುದುಕರ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತುತ್ತಿದ್ದಾರೆ. ಆ ಮುದುಕರು ತೀರಿಕೊಂಡು ಎರಡು ತಿಂಗಳಾಗಿದೆ. ಬಸ್ಯೂನಿಯವರ ಕೈಯ ಎಚ್ಚರಿಕೆ ನೋಡಿದರೆ ಹಾಗನ್ನಿಸುವುದಿಲ್ಲ. ಎತ್ತುತ್ತಾರೆ, ಅಲ್ಲೇ ಹಿಡಿದು ನಿಲ್ಲುತ್ತಾರೆ, ಇಳಿಸುತ್ತಾರೆ. ಒಂಬತ್ತನೆಯ ಸಲಕ್ಕೆ ತೋಳು ಕಿವಿಯ ಹತ್ತಿರ ಬರುತ್ತದೆ.

"ಔಷಧಿಗೆ ಭುಜ ಬಿಗಿದುಕೊಂಡಿರುತ್ತೆ. ರಪ್ ಅಂತ ಎಳೆದ್ರೆ ಹರಿಯುತ್ತೆ. ಹಿಡ್ಕೊಂಡು ಸುಮ್ನೆ ನಿಂತ್ರೆ ತಾನೇ ಸಡಿಲ ಬಿಡುತ್ತೆ. ಬದುಕಿರೋರದ್ದೂ ಹಂಗೇ," ಎನ್ನುತ್ತಾರೆ.

ಭುಜ ನೋವೆಂದು ನಾನು ಈ ಊರಿನ ಮೂವರು ದೊಡ್ಡ ವೈದ್ಯರ ಬಾಗಿಲು ಕಾದವನು. ಆ ಮೂವರೂ ಭುಜವನ್ನು ಕಲಿತದ್ದು ಈ ಮನುಷ್ಯ ಸಿದ್ಧಮಾಡಿಟ್ಟ ಮೇಜುಗಳ ಮೇಲೆ ಎಂದು ಗೊತ್ತಾದದ್ದು ಮೊನ್ನೆ ಮೊನ್ನೆ. ಬಸ್ಯೂನಿಯವರ ಹೆಸರು ಆ ಮೂವರಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ನನಗೆ ಸಿಟ್ಟು ಬಂತು; ಅವರನ್ನು ನೋಡಲೆಂದೇ ಇಲ್ಲಿಗೆ ಬಂದೆ.

ಬಸ್ಯೂನಿಗೆ ಈಗ ಐವತ್ತೊಂಬತ್ತು. ಹಿಂದೆ ಬಂದರಿನಲ್ಲಿ ಹತ್ತಿಯ ಮೂಟೆ ಹೊರುತ್ತಿದ್ದರು. ಮೂವತ್ತೊಂದನೆಯ ವಯಸ್ಸಿನಲ್ಲಿ ಬಲಭುಜದ ಸ್ನಾಯುರಜ್ಜು ಹರಿಯಿತು. ಎರಡು ವರ್ಷ ಮನೆಯಲ್ಲಿ ಕೂತು, ಕೊನೆಗೆ ಇಲ್ಲಿ ಕಸ ಗುಡಿಸಲು ಸೇರಿದರು. ಇಪ್ಪತ್ತಾರು ವರ್ಷಗಳಾದವು. ವರ್ಷಕ್ಕೆ ಆರು ದೇಹ, ನೂರ ಎಂಬತ್ತು ವಿದ್ಯಾರ್ಥಿಗಳು. ಬರುವ ದೇಹಗಳೆಲ್ಲ ಯಾರೂ ಕೇಳಿಕೊಂಡು ಬರದವರವು. ಹೆಂಡತಿ ನಗಾತ್ ಇವರ ಬಟ್ಟೆಗಳನ್ನು ಇಂದಿಗೂ ಬೇರೆ ಹಗ್ಗದ ಮೇಲೆ ಒಣಹಾಕುತ್ತಾರೆ. ಹೆಣ್ಣುಮಕ್ಕಳ ಮದುವೆ ಮುಗಿಯುವವರೆಗೂ ನೆರೆಯವರಿಗೆ ಕಾಲೇಜಿನ ಉಗ್ರಾಣದಲ್ಲಿ ಕೆಲಸ ಎಂದೇ ಹೇಳಿದ್ದರು.

ಮೇಷ್ಟರಲ್ಲದಿದ್ದರೂ ಪಾಠ ಹೇಳುತ್ತಾರೆ. ತಮ್ಮ ಕೊರಳ ಬುಡದ ಎಲುಬಿನ ಮೇಲೆ ಬೆರಳಾಡಿಸಿ ತೋರಿಸುತ್ತಾರೆ. "ಇಡೀ ತೋಳನ್ನ ಎದೆಗೆ ಸೇರಿಸಿರೋ ಎಲುಬು ಇದೊಂದೇ. ಬೆನ್ನ ಮೇಲಿನ ಹಲಗೆ ಎಲುಬು ಬರೀ ಮಾಂಸದ ಮೇಲೆ ತೇಲ್ತಿರುತ್ತೆ. ತೋಳಿನ ಗುಂಡು ಕೂರೋ ಬಟ್ಟಲೋ, ಕಾಫಿ ಸಾಸರಿನಷ್ಟು ಆಳಾನೂ ಇಲ್ಲ. ಅದಕ್ಕೇ ಕೈ ಇಷ್ಟು ಕಡೆ ತಿರುಗುತ್ತೆ, ಅದಕ್ಕೇ ಬೇಗ ಕಳಚುತ್ತೆ."

ಪಾಠಕ್ಕಾಗಿ ಆ ಎಲುಬನ್ನು ನಡುವೆ ಗರಗಸದಿಂದ ಕೊಯ್ದು, ಮಾಂಸ ಬಿಡಿಸಿದರೆ ತೋಳು ಭುಜದ ಸಮೇತ ಕೈಗೆ ಬರುತ್ತದೆ. ಹೀಗೆ ಬಿಡಿಸಿದ ಹನ್ನೆರಡು ತೋಳುಗಳು ವರ್ಷದ ಕೊನೆಗೆ ತಮ್ಮ ತಮ್ಮ ದೇಹಗಳೊಂದಿಗೇ ಮಣ್ಣಿಗೆ ಹೋಗಬೇಕು. ದೇಹ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಶಾಯಿ ಅಳಿಸಿಹೋಗುತ್ತದೆ. ಆದ್ದರಿಂದ ಬಸ್ಯೂನಿ ಪ್ರತಿ ತೋಳಿನ ಮಣಿಕಟ್ಟಿಗೂ ಆ ದೇಹದ ಕಾಲಿನ ಹೆಬ್ಬೆರಳಿಗೂ ದಾರ ಕಟ್ಟುತ್ತಾರೆ. ಮೂರನೆಯವರಿಗೆ ಮೂರು ಗಂಟು, ಐದನೆಯವರಿಗೆ ಐದು. ಹೆಸರಿಲ್ಲದವರನ್ನು ಅವರು ಬಹುವಚನದಲ್ಲೇ ಕರೆಯುತ್ತಾರೆ.

ಈ ವರ್ಷದ ದಫನು, ಅಂದರೆ ಮಣ್ಣು ಮಾಡುವುದು, ಗುರುವಾರ. ಬೆಳಿಗ್ಗೆ ಆರಕ್ಕೇ ಚಾಲಕ ಅತ್ರಿಸ್ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ್ದಾನೆ. ಬಸ್ಯೂನಿ ಕಫನ್ ಬಟ್ಟೆ ಸುತ್ತುವ ಮೊದಲು ಪ್ರತಿ ತೋಳಿನ ಕೊಯ್ದ ಎಲುಬನ್ನು ಎದೆಯ ಕಡೆಯ ಅರ್ಧಕ್ಕೆ ಕೂಡಿಸಿ ನೋಡುತ್ತಾರೆ. ನಾಲ್ವರದ್ದು ಕೂಡುತ್ತದೆ. ಐದನೆಯವರ ಎಡಗೈ ಕೂಡುವುದಿಲ್ಲ. ದಾರದಲ್ಲಿ ಐದು ಗಂಟು ಸರಿಯಾಗಿವೆ. ಎಲುಬು ಮಾತ್ರ ಒಪ್ಪುತ್ತಿಲ್ಲ.

"ಈ ಗಂಟು ನಾನು ಹಾಕಿದ್ದಲ್ಲ," ಎನ್ನುತ್ತಾರೆ ಬಸ್ಯೂನಿ.

ಎರಡನೇ ವರ್ಷದ ವಿದ್ಯಾರ್ಥಿನಿ ರಿಹಾಮ್ ಬಾಗಿಲಲ್ಲಿ ನಿಂತಿದ್ದಾಳೆ. "ಕಾಕಾ, ಅದು ನಾನೇ. ಒಂದು ಭುಜದಲ್ಲಿ ರಜ್ಜು ಹರಿದಿತ್ತು, ಇನ್ನೊಂದ್ರಲ್ಲಿ ಸರಿಯಿತ್ತು. ಎರಡನ್ನೂ ಪಕ್ಕದಲ್ಲಿಟ್ಟು ಚಿತ್ರ ಬರೆಯೋಕೆ ದಾರ ಬಿಚ್ಚಿದ್ದೆ. ಎಣಿಸಿಯೇ ಕಟ್ಟಿದೆ."

"ಎಣಿಸಿದ್ದು ಸರಿ ಡಾಕ್ಟರಮ್ಮ. ಕಟ್ಟಿದ್ದು ಅದಲುಬದಲು."

ಅತ್ರಿಸ್ ಒಳಗೆ ಇಣುಕುತ್ತಾನೆ. "ಹಾಜಿ, ಬಿಸಿಲೇರ್ತಿದೆ. ಸತ್ತೋರಿಗೆ ಎಡಗೈ ಯಾರದ್ದಾದ್ರೇನು?"

"ನಿನ್ನ ಗಾಡಿಗೆ ಪಕ್ಕದವನ ಚಕ್ರ ಹಾಕ್ಕೊಂಡು ಓಡಿಸ್ತೀಯೇನೋ?"

"ಓಡಿಸಿದೀನಲ್ಲ."

"ಅದಕ್ಕೇ ಅದು ಹಂಗೆ ಕುಂಟುತ್ತೆ. ಹೋಗಿ ಚಹಾ ಕುಡಿ."

"ನಾನು ಹಜ್‌ಗೆ ಹೋದೋನೇ ಅಲ್ಲ, ಇವನೇ ಬಾಯಲ್ಲಿ ಕಳಿಸ್ಬಿಟ್ಟಿದಾನೆ," ಎಂದು ಬಸ್ಯೂನಿ ನನ್ನ ಕಡೆ ತಿರುಗಿ ಗೊಣಗುತ್ತಾರೆ. ಆದರೆ ನಗುವುದಿಲ್ಲ. ಅನುಮಾನ ತಡೆಯದೆ, ಮೊದಲೇ ಸುತ್ತಿಟ್ಟಿದ್ದ ಎರಡನೆಯವರ ಕಫನ್ ಬಿಚ್ಚಿ ಇನ್ನೊಮ್ಮೆ ನೋಡುತ್ತಾರೆ. ಎಲುಬು ಸರಿಯಾಗಿಯೇ ಕೂಡಿದೆ, ಬದಲಾದದ್ದು ಅವರದ್ದಲ್ಲ. ಉಳಿದದ್ದು ಆರನೆಯವರದ್ದೆಂದು ಆರು ಗಂಟು ಕಟ್ಟಿದ ಎಡತೋಳು. ಅದನ್ನು ಎಡಗೈಯಲ್ಲಿ ಎತ್ತಿ, ಮೇಲೇರದ ತಮ್ಮ ಬಲಗೈಯನ್ನು ಅದರ ಮೊಣಕೈ ಕೆಳಗೆ ಆನಿಸಿಕೊಂಡು, ಐದನೆಯವರ ಎದೆಗೆ ತರುತ್ತಾರೆ. ಕೊಯ್ದ ಅಂಚು ಅಂಚಿಗೆ ಕೂತುಕೊಳ್ಳುತ್ತದೆ.

ರಿಹಾಮ್‌ಳನ್ನು ಕರೆದು ಅವಳ ಬೆರಳನ್ನೇ ಆ ಸಂದಿನ ಮೇಲೆ ಇಡಿಸುತ್ತಾರೆ. ಅವಳು ಅಳುತ್ತಾಳೆ. "ಅಳಬೇಡ. ನೋಡಿ ಕಲಿತಿದೀಯಲ್ಲ, ಅವರಿಗೆ ಅದೇ ಸಾಕು," ಎನ್ನುತ್ತಾರೆ. ಆರನೆಯವರ ಕಫನನ್ನು ಅವಳೂ ಹಿಡಿದು ಸುತ್ತುತ್ತಾಳೆ.

ಖಬರಸ್ತಾನದಲ್ಲಿ ಪ್ರತಿ ವರ್ಷ ಬಸ್ಯೂನಿ, ಅತ್ರಿಸ್, ಗುಂಡಿ ತೋಡುವವರು ಬಿಟ್ಟರೆ ಯಾರೂ ಇರುವುದಿಲ್ಲವಂತೆ. ಈ ಸಲ ರಿಹಾಮ್ ಬಂದಿದ್ದಾಳೆ, ನಾನಿದ್ದೇನೆ. ಮಣ್ಣು ಮುಚ್ಚಿದ ಮೇಲೆ, ಮುಂದಿನ ವರ್ಷ ನಿವೃತ್ತಿಯಲ್ಲವೇ, ಏನಾದರೂ ಆಸೆ ಇದೆಯೇ ಎಂದು ಬಸ್ಯೂನಿಯವರನ್ನು ಕೇಳುತ್ತೇನೆ.

"ಸೇರಿದ ಮೊದಲ ವರ್ಷ ನನಗೆ ಏನೂ ಗೊತ್ತಿರಲಿಲ್ಲ. ಇಬ್ಬರ ಬಲಗೈ ಬದಲಾಗಿಹೋಯ್ತು. ಮಣ್ಣು ಮುಚ್ಚಿದ ಮೇಲೆ ಗೊತ್ತಾಯ್ತು. ಅಗೆಯೋಕೆ ಬಿಡಲಿಲ್ಲ," ಎನ್ನುತ್ತಾರೆ. ಅಂಗೈಯ ಮಣ್ಣನ್ನು ಒರೆಸಿಕೊಳ್ಳುತ್ತಾರೆ.

"ಕಯಾಮತ್ ದಿನ ಸತ್ತೋರೆಲ್ಲ ಎದ್ದಾಗ ಆ ಇಬ್ಬರು ಕೈ ಹುಡುಕ್ಕೊಂಡು ನನ್ನ ಹತ್ರ ಬರ್ತಾರೆ. ಬರಲಿ, ತಪ್ಪು ನಂದೇ ಅಂತೀನಿ. ಅವರ ಹಿಂದೆ ಮೂರನೆಯವರು ಯಾರೂ ಬರಬಾರದು. ಅಷ್ಟೇ ಸ್ವಾಮಿ ನನ್ನಾಸೆ."