ಬೆನ್ನ ಮೇಲೆ ಜಾರಿದ ಗಾಜಿನ ಬಟ್ಟಲು

ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀರು ಹಾಕಬೇಕೆಂದೇ ನಾನು ಸ್ವೀಡನ್ನಿನ ವೆಸ್ಟೆರಾಸ್‌ಗೆ, ಮಗಳ ಮನೆಗೆ ಬಂದದ್ದು. ವಿಮಾನದಲ್ಲಿ ಚೀಲ ಎತ್ತುವಾಗ ಬಲಭುಜ ಹಿಡಿದುಕೊಂಡಿತು. ತುಂಬಿದ ಚೊಂಬು ಎತ್ತಲಾಗದು. ಮಗಳು ಇಲ್ಲಿಯ ನರ್ಸು ತೋರಿಸಿದಂತೆ ಕೂಸನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಸೊಪ್ಪು ತೊಳೆದ ಹಾಗೆ ಅದ್ದಿ ತೆಗೆಯುತ್ತಿದ್ದಳು. ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಭಾನುವಾರಕ್ಕೆ ವಾಪಸ್ ಟಿಕೆಟ್ಟು.

ಗುರುವಾರ ಮಗಳು ನನ್ನನ್ನು ಭುಜ ತೋರಿಸಲು ಚೀನಾದ ಹೆಂಗಸೊಬ್ಬಳ ಹತ್ತಿರ ಕರೆದುಕೊಂಡು ಹೋದಳು. ಗಾಜಿನ ಬಟ್ಟಲೊಳಗೆ ಬೆಂಕಿ ಆಡಿಸಿ ಬೆನ್ನಿಗೆ ಕವುಚುತ್ತಾಳಂತೆ, ಅದು ಚರ್ಮವನ್ನು ಎಳೆದು ಹಿಡಿಯುತ್ತದಂತೆ. ನನಗೇನು ಹೊಸದಲ್ಲ. ನಮ್ಮೂರಲ್ಲಿ ಹೊಕ್ಕುಳ ಜಾರಿದರೆ ಹೊಟ್ಟೆಯ ಮೇಲೆ ದೀಪ ಇಟ್ಟು ಚೊಂಬು ಕವುಚುತ್ತಿದ್ದರು. ಮೈ ನೀವಿಸಿಕೊಳ್ಳಲು ಯಾರಾದರೂ ಒಣ ಬೆನ್ನಲ್ಲಿ ಹೋಗುತ್ತಾರೆಯೇ? ಹೊರಡುವ ಮುಂಚೆ ಎಡಗೈಯಲ್ಲಿ ಅರ್ಧ ಬಾಟಲಿ ಕೊಬ್ಬರಿ ಎಣ್ಣೆ ಬೆನ್ನಿಗೆ ಸುರಿದುಕೊಂಡೆ. ಮಗಳಿಗೆ ಹೇಳಲಿಲ್ಲ.

ಅಲ್ಲಿ ಮಂಚದ ಮೇಲೆ ಬೋರಲು ಮಲಗಿದೆ. ಮೊದಲ ಬಟ್ಟಲು ಭುಜದ ಮೇಲೆ ಚಕ್ ಎಂದು ಹಿಡಿಯಿತು. ಹಿಡಿದದ್ದೇ ಸೊಂಟದ ಕಡೆಗೆ ಜಾರತೊಡಗಿತು. ಎರಡನೆಯದೂ ಅದರ ಹಿಂದೆಯೇ ಹೊರಟಿತು. ಕಚಗುಳಿ! ನಾನು ನಕ್ಕೆ, ಮೈ ಕುಲುಕಿತು, ಒಂದು ಬಟ್ಟಲು ಟಪ್ ಎಂದು ಕಳಚಿ ಮಂಚದ ಮೇಲೆ ಉರುಳಿತು.

"ಅಮ್ಮಾ! ಎಣ್ಣೆ ಹಚ್ಕೊಂಡ್ ಬಂದ್ಯಾ?"

"ಇನ್ನೇನು, ಸೆಂಟ್ ಹೊಡ್ಕೊಂಡ್ ಬರ್ಬೇಕಿತ್ತಾ?"

ಆ ಹೆಂಗಸು ಸ್ವೀಡಿಷ್‌ನಲ್ಲಿ ಏನೋ ಅಂದಳು. ಮಗಳು ಬಾಯಿ ಮುಚ್ಚಿಕೊಂಡು ನಗುತ್ತ ಹೇಳಿದಳು: "ಪರ್ವಾಗಿಲ್ವಂತೆ, ಅವ್ರೂ ಎಣ್ಣೆ ಹಚ್ಚಿ ಬಟ್ಲು ಎಳೀತಾರಂತೆ. ಆದ್ರೆ ಇಷ್ಟೊಂದು ಎಣ್ಣೆ ಅವ್ರಿಗೆ ಒಂದ್ ವಾರಕ್ಕೆ ಬರತ್ತಂತೆ."

ಆ ಹೆಂಗಸು ಬಟ್ಟಲನ್ನು ಭುಜದಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಎಳೆದಳು.

"ಅಯ್ಯೋ ಬಿಡೇ ತಾಯಿ, ಇಲ್ಲೇ ಉಚ್ಚೆ ಹೋಗ್ಬಿಡತ್ತೆ!"

ಅವಳಿಗೆ ಕನ್ನಡ ಎಲ್ಲಿ ಬರಬೇಕು? ತಾನೂ ನಗುತ್ತ ಇನ್ನಷ್ಟು ಎಳೆದಳು. ಮನೆಗೆ ಬರುವಾಗ ಬಸ್ಸಿನಲ್ಲಿ ಒಂದು ಪಿಟ್ಟೆಂಬ ಮಾತಿಲ್ಲ, ಇಲ್ಲಿಯ ಜನ ಹಾಗೆ. ನಾವಿಬ್ಬರು ಮಾತ್ರ ಸೆರಗು, ಶಾಲು ಬಾಯಿಗೆ ತುರುಕಿಕೊಂಡು ಕುಲುಕುತ್ತಿದ್ದೆವು.

ಶನಿವಾರ ಎದ್ದಾಗ ಬೆನ್ನ ತುಂಬ ಬದನೆಕಾಯಿ ಬಣ್ಣದ ಪಟ್ಟೆ. ಬಲಗೈ ಕಿವಿಯ ತನಕ ಎದ್ದಿತು. ಬಟ್ಟಲಿನಿಂದಲೋ ನಕ್ಕಿದ್ದರಿಂದಲೋ, ಯಾರಿಗೆ ಗೊತ್ತು. ಬಚ್ಚಲ ನೆಲದಲ್ಲಿ ಕಾಲು ಚಾಚಿ ಕೂತೆ. ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡೆ.

"ಅಮ್ಮ, ಹುಷಾರು, ಜಾರತ್ತೆ!"

"ನಿನ್ನ ಜಾರಿಸಿದ್ನಾ? ಸುಮ್ನೆ ಚೊಂಬು ಕೊಡೇ."