ಮಧ್ಯಾಹ್ನದ ಟಿವಿಯಲ್ಲಿ ಜೆಸ್ಸಿ

ಎಪ್ಪತ್ತರ ದಶಕದ ಕೊನೆಯಲ್ಲಿ ಕಲ್ಯಾಣಪುರದ ಜೆಸ್ಸಿ ಹಾಡದೆ ನಮ್ಮ ಕಡೆಯ ಕ್ರೈಸ್ತರ ಮದುವೆಗೆ ಕಳೆ ಕಟ್ಟುತ್ತಿರಲಿಲ್ಲ. ಅವಳ ಕೊಂಕಣಿ ಪಾಪ್ ಹಾಡುಗಳ ಕ್ಯಾಸೆಟ್ ಮಣಿಪಾಲದ ಹಾಸ್ಟೆಲುಗಳಲ್ಲೂ ಓಡುತ್ತಿತ್ತು. ಡ್ರಮ್ಸ್ ಬಾರಿಸುತ್ತಿದ್ದವನು ತಮ್ಮ ಮ್ಯಾಕ್ಸಿಮ್.

೧೯೮೪ರ ಮೇ ತಿಂಗಳಲ್ಲಿ ಕಾರ್ಕಳದಲ್ಲೊಂದು ಮದುವೆ. ಮ್ಯಾಕ್ಸಿಮನಿಗೆ ಜ್ವರ. "ಇವತ್ತು ಅವನನ್ನು ಬಿಡು" ಎಂದರು ತಾಯಿ ಸೆವರಿನ್ ಬಾಯಿ.

"ಡ್ರಮ್ಸ್ ಇಲ್ಲದೆ ಎಂತ ಹಾಡುವುದು ಮಾಂಯ್?" ಎಂದು ಜೆಸ್ಸಿ ಅವನನ್ನು ಎಬ್ಬಿಸಿಕೊಂಡು ಹೋದಳು.

ಬರುವಾಗ ತಿರುವಿನಲ್ಲಿ ವ್ಯಾನು ಕಲ್ಲಿನ ಲಾರಿಗೆ ಬಡಿಯಿತು. ಮ್ಯಾಕ್ಸಿಮ್ ಅಲ್ಲೇ ತೀರಿಕೊಂಡ. ಜೆಸ್ಸಿಯ ಗಂಟಲಿಗೆ ಪೆಟ್ಟು ಬಿತ್ತು. ಗಾಯ ಮಾಗಿ ಮಾತು ಬಂತು, ಹಾಡು ಬರಲಿಲ್ಲ. ಏರಿಸಿದರೆ ಸ್ವರ ಒಡೆಯುತ್ತಿತ್ತು.

ತಾಯಿ ಬೈಯಲಿಲ್ಲ, ಮಾತೇ ನಿಲ್ಲಿಸಿದರು. ಅನ್ನ ಬಡಿಸಿಟ್ಟು ಒಳಗೆ ಹೋಗುತ್ತಿದ್ದರು. ಆ ಮೌನ ತಡೆಯಲಾರದೆ ಜೆಸ್ಸಿ ಬೆಂಗಳೂರಿನ ಚಿಕ್ಕಮ್ಮನ ಮನೆ ಸೇರಿದಳು.

ಕೆಲವು ವರ್ಷಗಳ ಮೇಲೆ ಅಲ್ಲಿನ ಟಿವಿ ಕೇಂದ್ರದಲ್ಲಿ ಹೆಂಗಸರಿಗಾಗಿ ಮಧ್ಯಾಹ್ನದ ಕಾರ್ಯಕ್ರಮ ಶುರುವಾಗುವುದಿತ್ತು. ಅದರ ನಿರ್ಮಾಪಕಿ ನರ್ಮದಾ, ಹಳೆಯ ಕ್ಯಾಸೆಟ್ ಕೇಳಿದ್ದವರು, ಜೆಸ್ಸಿಯನ್ನು ಕರೆಸಿದರು.

"ನನಗೆ ಹಾಡಲು ಆಗುವುದಿಲ್ಲ ಮೇಡಂ" ಎಂದಳು ಜೆಸ್ಸಿ, ಕೂರುವ ಮೊದಲೇ.

"ಹಾಡು ಬೇಡ. ಬಂದವರನ್ನು ಮಾತಾಡಿಸಿ. ನಿಮ್ಮ ಈ ತಗ್ಗಿದ ದನಿಗೆ ಜನ ಮನಸ್ಸು ಬಿಚ್ಚುತ್ತಾರೆ."

ಹಾಗೇ ಆಯಿತು. ಅಡುಗೆ, ಹೊಲಿಗೆ, ಮಕ್ಕಳ ಕಾಯಿಲೆ, ಎಲ್ಲವನ್ನೂ ಜೆಸ್ಸಿ ನಗುಮುಖದಿಂದ ನಡೆಸಿಕೊಟ್ಟಳು. ಒಂದು ದಿನ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ಹೆಂಗಸೊಬ್ಬರು ಬಂದಿದ್ದರು. ಗಾಡಿ ಓಡಿಸಿದ್ದವನು ಅವರ ಅಣ್ಣನ ಮಗನೇ.

ಬರೆದುಕೊಟ್ಟ ಪ್ರಶ್ನೆಗಳು ಮುಗಿದಿದ್ದವು. ಜೆಸ್ಸಿ ಕೇಳಿದಳು, "ಅವನು ಮನೆಗೆ ಬಂದರೆ ಮಾತಾಡಿಸುತ್ತೀರಾ?"

ಅವರು, "ಅವನ ದನಿ ಕೇಳಿದರೆ ನನ್ನ ಮಗನ ದನಿ ನೆನಪಾಗುತ್ತದೆ. ಆಗುವುದಿಲ್ಲಮ್ಮ" ಎಂದರು.

ಜೆಸ್ಸಿ ಕೈಮುಗಿದು, ಮುಂದಿನ ಭಾಗ ಹಲಸಿನ ಹಪ್ಪಳ ಎಂದು ಹೇಳಿದಳು. ಆಮೇಲೆ ಮೇಕಪ್ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು.

ಆ ವರ್ಷ ಕ್ರಿಸ್ಮಸ್ಸಿಗೆ ಊರಿಗೆ ಹೋದಾಗಲೂ ತಾಯಿ ಬಾಯಿ ಬಿಡಲಿಲ್ಲ. ನೆರೆಮನೆಯ ಪಂಕಜಕ್ಕ ಮಾತ್ರ ಬೇಲಿಯಾಚೆ ಕರೆದು ಹೇಳಿದರು, "ನಿನ್ನ ಅಮ್ಮ ನಮ್ಮಲ್ಲಿಗೆ ಬಂದು ನಿನ್ನ ಕಾರ್ಯಕ್ರಮ ನೋಡುವುದುಂಟು. ಆದರೆ ಶಬ್ದ ಬಂದ್ ಮಾಡಿಸುತ್ತಾರೆ ಮಾರಾಯ್ತಿ."

"ಬಂದ್ ಮಾಡಿಯೇ ಇಡಿ ಅಕ್ಕ" ಎಂದಳು ಜೆಸ್ಸಿ.

ಮರುವರ್ಷ ಮಳೆಗಾಲದಲ್ಲಿ ಸೆವರಿನ್ ಬಾಯಿ ತೀರಿಕೊಂಡರು. ತಾಯಿ ಮಗಳು ಕೊನೆಯವರೆಗೂ ಮಾತಾಡಿರಲಿಲ್ಲ. ಮಣ್ಣು ಮಾಡಿ ಮುಗಿಸಿ ಜೆಸ್ಸಿ ಬೆಂಗಳೂರಿನ ಬಸ್ಸು ಹತ್ತಿದಳು.